ಎಡ ಗಾಲಿಯ ತಾಯತ

ಕಾಡಸಿದ್ದಪ್ಪನಷ್ಟು ಪುಕ್ಕಲನನ್ನು ನಾನು ನೋಡಿಲ್ಲ. ಸಿರುಗುಪ್ಪದಲ್ಲಿ ಹದಿನೈದು ವರ್ಷ ಟ್ರ್ಯಾಕ್ಟರ್, ಲಾರಿ ಟೈರುಗಳ ಜೊತೆ ಗುದ್ದಾಡಿದವನು ಆಮೇಲೆ ಕುರುಗೋಡಿನ ಹತ್ತಿರದ ನಮ್ಮ ಸಣ್ಣ ವಿಮಾನ ತರಬೇತಿ ಶಾಲೆಗೆ ಗಾಲಿ ಕೆಲಸಕ್ಕೆ ಬಂದ. ಆರು ವರ್ಷ ವಿಮಾನದ ಹೊಟ್ಟೆಯ ಕೆಳಗೆ ಮಲಗಿ ಕೆಲಸ ಮಾಡಿದ, ಒಂದು ದಿನವೂ ಒಳಗೆ ಕೂತು ಮೇಲೆ ಹೋಗಲಿಲ್ಲ. "ನಂದೇನಿದ್ರೂ ನೆಲದ ಮ್ಯಾಗಿನ ಕೆಲಸ" ಎನ್ನುತ್ತಿದ್ದ. ಆದರೆ ಆ ಕೆಲಸದಲ್ಲಿ ಅವನ ಮುಂದೆ ಯಾರೂ ಇಲ್ಲ. ಗಾಲಿಯನ್ನು ಸ್ಟ್ಯಾಂಡಿಗೆ ಏರಿಸಿ ಬೆರಳಲ್ಲಿ ತಿರುಗಿಸುತ್ತಿದ್ದ. ಭಾರದ ಕಡೆ ಕೆಳಗೆ ಬಂದು ನಿಂತರೆ ಎದುರು ಬದಿಗೆ ಸೀಸದ ಚೂರು ಅಂಟಿಸುತ್ತಿದ್ದ. ಎಲ್ಲಿ ಬಿಟ್ಟರೂ ಗಾಲಿ ಅಲ್ಲೇ ನಿಲ್ಲುವ ತನಕ ಊಟಕ್ಕೂ ಏಳುತ್ತಿರಲಿಲ್ಲ.

ಹೋದ ವರ್ಷ ಕ್ಯಾಪ್ಟನ್ ಅರುಣಾ ನಮ್ಮ ಮುಖ್ಯಸ್ಥರಾಗಿ ಬಂದರು. ಬಳ್ಳಾರಿಯವರೇ, ಮಾತು ಕಡಿಮೆ. ಬಂದವರೇ ಎರಡು ಕಟ್ಟಳೆ ಹಾಕಿದರು. ಗಾಲಿ ಬದಲಿಸಿದವರು ಮೊದಲ ಹಾರಾಟದಲ್ಲಿ ಜೊತೆಗೆ ಕೂರಬೇಕು. ದುರಸ್ತಿ ಪುಸ್ತಕದಲ್ಲಿ ಇಲ್ಲದ ಒಂದು ದಾರದ ಎಳೆಯನ್ನೂ ವಿಮಾನಕ್ಕೆ ಸೇರಿಸಬಾರದು, ಸೇರಿಸಿದರೆ ಅವತ್ತೇ ಮನೆಗೆ. ರೆಕ್ಕೆಗೆ ನಿಂಬೆಹಣ್ಣು ಕಟ್ಟಿದ ಒಬ್ಬ ಆಗಲೇ ಮನೆ ಸೇರಿದ್ದ.

ಎಡ ಗಾಲಿಯ ಟೈರು ಬದಲಿಸುವ ಸರದಿ ಕಾಡಸಿದ್ದಪ್ಪನಿಗೂ ನನಗೂ ಬಂತು. ತೂಕ ಸರಿ ಮಾಡಿ ಗಾಲಿ ಕೂರಿಸಿದ ಮೇಲೆ ಅವನು ಜೇಬಿನಿಂದ ಕರಿ ದಾರದ ತಾಯತ ತೆಗೆದ. ಹೆಬ್ಬೆರಳು ಗಾತ್ರದ ತಾಮ್ರದ್ದು. ರಟ್ಟೆಗೆ ಕಟ್ಟಿಕೋ ಎಂದು ಹೆಂಡತಿ ಸುಂಕಮ್ಮ ಮಂತ್ರ ಹಾಕಿಸಿ ತಂದು ಕೊಟ್ಟಿದ್ದಳು.

"ನನಗ್ಯಾಕ ಇದು? ನಮ್ಮನ್ನ ಹೊಳ್ಳಿ ನೆಲ ಮುಟ್ಟಸಾದು ಗಾಲಿ," ಎಂದು ಅದನ್ನು ರಿಮ್ಮಿನ ಬೋಲ್ಟಿಗೆ ಬಿಗಿದ. "ಲೇ ಮಾರೇಶ, ನೀ ಏನೂ ನೋಡಿಲ್ಲ."

ನಾನು ನಕ್ಕು ಸುಮ್ಮನಾದೆ. ನಿಜ ಹೇಳಬೇಕೆಂದರೆ ನನಗೂ ಒಳಗೊಳಗೇ ಪುಕುಪುಕು, ಇರಲಿ ಬಿಡು ಅನ್ನಿಸಿತು. ಗ್ರಾಂ ಗ್ರಾಂ ಲೆಕ್ಕ ಹಾಕಿ ಸೀಸ ಅಂಟಿಸುವ ಮನುಷ್ಯನಿಗೆ ತಾಯತಕ್ಕೂ ತೂಕ ಇದೆ ಎಂದು ಹೊಳೆಯಲಿಲ್ಲ. ಹೆದರಿಕೆಗೆ ಇಬ್ಬರ ಬುದ್ಧಿಗೂ ಮಂಕು ಬಡಿದಿತ್ತು.

ಅರುಣಾ ಅವರ ಪಕ್ಕಕ್ಕೆ ಅವನು, ಹಿಂದೆ ನಾನು. ಗಾಲಿ ನೆಲ ಬಿಟ್ಟಿತೋ ಇಲ್ಲವೋ, ಕಾಲಡಿಯ ತಗಡು ಗಡಗಡ ಅದುರಲು ಶುರುವಾಯಿತು. ಹಲ್ಲಿಗೆ ಹಲ್ಲು ಬಡಿಯುತ್ತಿತ್ತು. ಮುಂದಿನ ಗಾಜಿನಲ್ಲಿ ಕುರುಗೋಡಿನ ಗುಡ್ಡವೇ ಎರಡೆರಡಾಗಿ ಕಂಡಿತು. ಅರುಣಾ ಎಂಜಿನ್ ವೇಗ ಇಳಿಸಿದರು. ಅದುರಾಟ ನಿಲ್ಲಲಿಲ್ಲ.

"ಎಂಜಿನ್ನಿಂದ ಅನ್ಸತೈತಿ. ಹೊಳ್ಳಿ ಹೋಗೂವಷ್ಟು ಎತ್ತರ ಇಲ್ಲ. ಎದುರಿನ ಗದ್ದಿಗೆ ಇಳಸ್ತೀನಿ. ಬೆಲ್ಟ್ ಬಿಗಿ ಮಾಡಕೋರಿ."

ಎದುರಿನ ಗದ್ದೆಯ ತುಂಬಾ ನೀರು ನಿಂತಿತ್ತು. ಗಾಲಿ ಕೆಸರಿಗೆ ಹೂತರೆ ವಿಮಾನ ಮಗುಚಿ ಬೀಳುತ್ತದೆ, ನಾವು ತಲೆಕೆಳಗಾಗಿ ಕೆಸರು ಕುಡಿದು ಸಾಯುತ್ತೇವೆ.

ಅದುರಾಟ ಎಲ್ಲಿಯದು ಎಂದು ಅಷ್ಟರಲ್ಲಿ ನನಗೆ ಹೊಳೆದಿತ್ತು. ನೆಲ ಬಿಟ್ಟ ಗಾಲಿ ಗಾಳಿಯಲ್ಲಿ ಇನ್ನೂ ಗಿರಗಿರ ತಿರುಗುತ್ತಿತ್ತು, ತಾಯತದ ಸಮೇತ. ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಿದರೆ ನೋಡಿಯೂ ಸುಮ್ಮನಿದ್ದವನು ನಾನು ಎಂದಾಗುತ್ತದೆ, ಕೆಲಸ ಹೋಗುತ್ತದೆ. ಸಾವು ಎದುರಿಗೆ ಬಂದಾಗಲೂ ನಾನು ಕೆಲಸದ ಚಿಂತೆ ಮಾಡಿದೆ. ಥೂ ನನ್ನ ಜನ್ಮಕ್ಕೆ. ಅವನೇ ಹೇಳಲಿ ಎಂದು ಅವನ ಕುತ್ತಿಗೆಯನ್ನೇ ನೋಡುತ್ತಾ ಕೂತೆ. ಅಲ್ಲಿ ಬೆವರು ಇಳಿಯುತ್ತಿತ್ತು.

"ಮೇಡಂ," ಎಂದ. "ಎಡಗಡಿ ಬ್ರೇಕ್ ತುಳೀರಿ. ಎಡದ್ದು ಅಷ್ಟ."

ಅವರು ತುಳಿದರು. ಅದುರಾಟ ತಟ್ಟನೆ ನಿಂತಿತು.

"ಎಂಜಿನ್ ಅಲ್ರಿ, ಗಾಲಿ. ಇಳಿಯೂಮುಂದ ಬ್ರೇಕ್ ಮ್ಯಾಲಿಂದ ಕಾಲು ತಗೀರಿ, ಇಲ್ಲಾಂದ್ರ ಟೈರ್ ಒಡಿತೈತಿ."

ಅರುಣಾ ವಿಮಾನವನ್ನು ಮೇಲಕ್ಕೆತ್ತಿ ಸುತ್ತು ಹಾಕಿದರು. "ಎಡದ್ದ ಅಂತ ನಿನಗ ಹೆಂಗ ಗೊತ್ತಾತು?" ಎಂದು ಒಮ್ಮೆ ಕೇಳಿದರು. ಅವನು ಬೆಲ್ಟನ್ನು ಇನ್ನಷ್ಟು ಬಿಗಿದುಕೊಂಡ. ನೆಲ ಮುಟ್ಟಿದ ಮೇಲೆ ವಿಮಾನ ಮತ್ತೆ ಅದುರಿ, ಅದುರಿ, ನಿಂತಿತು.

ಅರುಣಾ ಕುಕ್ಕರುಗಾಲಲ್ಲಿ ಕೂತು ಗಾಲಿಯ ಒಳಗೆ ಕೈ ಹಾಕಿದರು. ಕರಿ ದಾರ ಬೆರಳಿಗೆ ಸಿಕ್ಕಿತು.

"ಇದನ್ನ ಕಟ್ಟೂಮುಂದ ಮಾರೇಶ ಇದ್ನೇನು?"

"ಇಲ್ರಿ. ಅಂವ ಗಾಳಿ ಪೈಪ್ ತರಾಕ ಹೋಗಿದ್ದ."

ನಾನು ನನ್ನ ಬೂಟು ನೋಡುತ್ತಾ ನಿಂತಿದ್ದೆ. ಅವತ್ತೇ ಅವನು ಮನೆಗೆ ಹೋದ.

ಈಗ ಮತ್ತೆ ಸಿರುಗುಪ್ಪದಲ್ಲಿ ಲಾರಿ ಟೈರು ಬಿಚ್ಚುತ್ತಿದ್ದಾನೆ. ಮೊನ್ನೆ ಧೈರ್ಯ ಮಾಡಿ ಹೋದೆ. ಅಂಗಡಿಯಲ್ಲಿ ಸುಂಕಮ್ಮ ಅವನಿಗೆ ಬುತ್ತಿ ತಂದಿದ್ದಳು. ಮೇಲೆ ಹೋದಾಗ ವಿಮಾನ ಅದುರಿತು, ಹೆದರಿ ಕೆಲಸ ಬಿಟ್ಟೆ ಎಂದಷ್ಟೇ ಅವನು ಅವಳಿಗೆ ಹೇಳಿದ್ದ.

"ಆ ತಾಯತ ಇದ್ದದ್ದಕ್ಕ ಇವರು ಜೀವಂತ ಬಂದ್ರು," ಎಂದಳು. "ನೀನು ಇನ್ನೂ ಅಲ್ಲೇ ಅದೀಯಲ್ಲಪ್ಪ, ನಿನಗೂ ಒಂದು ಮಾಡಿಸೀನಿ. ಕೈ ತಾ ಇಲ್ಲಿ."

ಕಾಡಸಿದ್ದಪ್ಪ ಟೈರಿನಿಂದ ತಲೆ ಎತ್ತಲಿಲ್ಲ. "ರಟ್ಟಿಗೇ ಕಟ್ಟು," ಎಂದ.

ನಾನು ಕೈ ಮುಂದೆ ಚಾಚಿದೆ.