ನರಿಕೊಂಬಿನಲ್ಲಿ ನದಿಯ ಉಪಯೋಗಗಳು

ಗೆಳತಿಯರೇ, ಇದನ್ನು ಹಾಸ್ಟೆಲಿನ ಗೋಡೆಗೆ ಇವತ್ತೇ ಅಂಟಿಸುತ್ತಿದ್ದೇನೆ. ನಾಳೆಗೆ ಇಟ್ಟರೆ ಸಿಟ್ಟು ಆರಿಹೋದೀತು.

ಬೆಳಿಗ್ಗೆ ನರಿಕೊಂಬಿನ ಶಾಲೆಯಲ್ಲಿ ಮೂರನೇ ಕ್ಲಾಸಿಗೆ ನನ್ನ ಅಭ್ಯಾಸ ಪಾಠವಿತ್ತು. ವಿಷಯ 'ನದಿಯ ಉಪಯೋಗಗಳು'. ಅಂಕ ಹಾಕಲು ನಮ್ಮ ಟ್ರೈನಿಂಗ್ ಕಾಲೇಜಿನ ಸಿಸ್ಟರ್ ಹಿಂದಿನ ಬೆಂಚಿನಲ್ಲಿ ಕೂತಿದ್ದರು. ನಾನು ಪಂಚವಾರ್ಷಿಕ ಯೋಜನೆಯ ಅಣೆಕಟ್ಟಿನ ಚಿತ್ರ ತೂಗುಹಾಕಿ ಕೇಳಿದೆ, "ಹೊಳೆ ನಮಗೆ ಏನೆಲ್ಲ ಮಾಡ್ತದೆ?"

ಗಿರಿಜ ಎಂಬ ಹುಡುಗಿ ಎದ್ದು ನಿಂತಳು. "ಹೋದ ಮಳೆಗಾಲದಲ್ಲಿ ನಮ್ಮ ಮನೆಯನ್ನು ಕೊಂಡುಹೋಗಿದೆ ಟೀಚರ್. ಈಗ ನಾವು ಮಾವನ ಮನೆಯಲ್ಲಿ ಇರುವುದು."

ನಾನು ಚಿತ್ರ ತೋರಿಸುವ ಕೋಲು ಕೆಳಗಿಟ್ಟು ಅವಳ ಮಾತು ಪೂರ್ತಿ ಕೇಳಿದೆ. ಅದೇ ತಪ್ಪಾಯಿತಂತೆ!

"ಮನೆ ಹೋದದ್ದು ಉಪಯೋಗವಾ?" ಎಂದರು ಸಿಸ್ಟರ್, ಪಾಠ ಮುಗಿದ ಮೇಲೆ. "ನದಿಯ ಉಪದ್ರ ಮುಂದಿನ ವಾರದ ಪಾಠದಲ್ಲಿ ಉಂಟಲ್ಲ? ಅವಳನ್ನು ಕೂರಿಸಿ ಮುಂದೆ ಹೋಗಬೇಕಿತ್ತು." ಅಂಕ ಕತ್ತರಿಸಿದರು.

ಕಾಲೇಜಿನ ಚಾಪೆಲಿನಲ್ಲಿ ದಿನಾ ಮನೆಯಿಲ್ಲದವರಿಗಾಗಿ ಮೊಣಕಾಲೂರಿ ಪ್ರಾರ್ಥಿಸುವವರು ನಾವು. ಮನೆಯಿಲ್ಲದ ಮಗು ಎದುರಿಗೇ ನಿಂತರೆ "ಕೂತ್ಕೊ" ಎನ್ನಬೇಕಂತೆ!

ಹಿಂದಿರುಗಲು ದೋಣಿಯ ಕಡವಿಗೆ ಬಂದೆವು. ಹೊಳೆ ಕೆಂಪಾಗಿ ಏರಿತ್ತು. ಸಿಸ್ಟರ್ ದೋಣಿಗೆ ಕಾಲಿಡದೆ, ಜಪಸರ ಹಿಡಿದುಕೊಂಡು ದಡದಲ್ಲೇ ನಿಂತರು. "ನೀರು ನೋಡುವಾಗ ಹೆದರಿಕೆ ಆಗ್ತದೆ" ಎಂದರು.

ನನ್ನ ಅಂಕ ಹೇಗೂ ಹೋಗಿತ್ತು. "ಹತ್ತಿ ಸಿಸ್ಟರ್," ಎಂದೆ. "ಉಪದ್ರ ಮುಂದಿನ ವಾರ ಅಲ್ವಾ?"