ಭಾವ ಕೂತರೆ ತಿರುಗುವ ಗಾಡಿ

ನನ್ನ ಹೆಂಡತಿಯ ತಮ್ಮ ವೈಜನಾಥ ಕಣ್ಣಿಗೆ ಬಿದ್ದ ವಸ್ತುವನ್ನೆಲ್ಲ ಒಂದು ಮೂಲೆ ಹಿಡಿದು ಎತ್ತಿ ನೋಡುತ್ತಿದ್ದ. ಮಂಚವಾಗಲಿ, ಮದುವೆಗೆ ಬಂದ ಕಪಾಟಾಗಲಿ, ರಸ್ತೆ ಬದಿಗೆ ನಿಂತ ಕಾರಾಗಲಿ, ಮೊದಲ ನಮಸ್ಕಾರ ಅದರ ಮೂಲೆಗೆ. ಮೊಣಕಾಲು ಬಗ್ಗಿಸಿ, ಗಲ್ಲ ಉಬ್ಬಿಸಿ, ಒಂದು ಗೇಣು ಎತ್ತಿ, ಕಣ್ಣು ಮುಚ್ಚಿ ತೂಗಿ, ಧಪ್ಪೆಂದು ಬಿಡುತ್ತಿದ್ದ. ಆಮೇಲೆ ತೀರ್ಪು: "ಅರ್ಧಾ ಚೀಲ ಹೆಚ್ಚದ." ಚೀಲವೆಂದರೆ ತೊಗರಿ ಚೀಲ. ಬಸವಕಲ್ಯಾಣದಲ್ಲಿ ಅವನದು ಟ್ರ್ಯಾಕ್ಟರ್ ಟ್ರಾಲಿ ಮಾಡುವ ವೆಲ್ಡಿಂಗ್ ಅಂಗಡಿ. ಗಿರಾಕಿಗಳೆಲ್ಲ ಟ್ರಾಲಿ ಎಷ್ಟು ಚೀಲ ಹಿಡಿಯುತ್ತದೆ ಎಂದೇ ಕೇಳುವುದರಿಂದ ಅವನಿಗೆ ಲೋಕದ ತೂಕವೆಲ್ಲ ಚೀಲದಲ್ಲೇ. ನನ್ನ ಮಗಳು ಹುಟ್ಟಿದಾಗ ಅವಳನ್ನು ಎರಡೂ ಕೈಯಲ್ಲಿ ಎತ್ತಿ, "ಚೀಲದಾಗಿನ ಒಂದ್ ಬೊಗಸಿ ಅದ ನೋಡಕ್ಕಾ" ಎಂದವನು. ನನ್ನ ಹೆಂಡತಿ ಮಹಾದೇವಿ ಆ ಮಾತನ್ನು ಈಗಲೂ ಹೇಳಿಕೊಂಡು ನಗುತ್ತಾಳೆ. ಅದನ್ನೇ ನಾನು ಆಡಿದ್ದರೆ ವಾರವಿಡೀ ಮಾತು ಬಿಡುತ್ತಿದ್ದಳು.

ನನ್ನ ಬಗ್ಗೆಯೂ ಒಂದು ಮಾತು ಹೇಳಬೇಕು. ನಾನು ಹುಮನಾಬಾದಿನಲ್ಲಿ ಡ್ರೈವಿಂಗ್ ಸ್ಕೂಲ್ ನಡೆಸುವವನು. ಅಂದರೆ ಎಡಗಡೆಯ ಸೀಟಿನಲ್ಲಿ ಕೂತೇ ಅರ್ಧ ಆಯುಷ್ಯ ಕಳೆದವನು. ಬಲಗಡೆ ಮೇಷ್ಟ್ರು ಬಂದರು, ನರ್ಸಮ್ಮ ಬಂದಳು, ಕಿರಾಣಿ ಅಂಗಡಿಯ ಸೇಠ್ ಬಂದ, ಎಲ್ಲರೂ ಕಲಿತರು, ಹೋದರು. ನಾನು ಮಾತ್ರ ಎಡಗಡೆಯ ಬ್ರೇಕಿನ ಮೇಲೆ ಕಾಲಿಟ್ಟುಕೊಂಡು ಕೂತೇ ಇದ್ದೆ. ವೈಜನಾಥನಿಗೂ ಕಾರು ಕಲಿಸಿದ್ದು ನಾನೇ. ಕ್ಲಚ್ ಬಿಡಲು ಬಾರದೆ ಗಾಡಿಯನ್ನು ಕಪ್ಪೆಯ ಹಾಗೆ ಜಿಗಿಸುತ್ತಿದ್ದ. ಕಲಿತ ಎರಡನೇ ತಿಂಗಳಿಗೆ ಊರೆಲ್ಲ ಅವನನ್ನೇ "ಡ್ರೈವರ್ ಅಂದ್ರ ವೈಜು" ಎನ್ನತೊಡಗಿತು. ನನ್ನನ್ನು ಯಾರಾದರೂ ಹಾಗೆ ಕರೆದದ್ದಿದೆಯೇ? ನಾನು "ಸಾಲಿ ಸರ್", ಬರೀ ಸ್ಕೂಲಿನ ಮಾಸ್ತರ. ಹಿತ್ತಲ ಗಿಡ ಮದ್ದಲ್ಲ, ಬಿಡಿ.

ಸ್ಕೂಲಿನ ಹಳೆಯ ಸಣ್ಣ ಕಾರು ಕೊನೆಗೊಮ್ಮೆ ಕಲಿಯುವವರ ಕೈಯಲ್ಲಿ ಪೂರ್ತಿ ಸವೆದು ಹೋಯಿತು. ಗುಜರಿಗೆ ಹಾಕೋಣವೆಂದಿದ್ದೆ. ಅಷ್ಟರಲ್ಲಿ ವೈಜನಾಥ ಬಂದು, ಅದರ ಹಿಂದಿನ ಮೂಲೆ ಎತ್ತಿ ನೋಡಿ, "ಭಾವಾ, ಇದನ್ನ ನನಗ ಕೊಡ್ರಿ. ಟ್ರ್ಯಾಕ್ ಗಾಡಿ ಮಾಡತೇನಿ" ಎಂದ. ಹೈದರಾಬಾದಿನ ಆಚೆ ಕಾರು ಓಡಿಸಲೆಂದೇ ಕಟ್ಟಿದ ಸುತ್ತುದಾರಿಯೊಂದಿದೆಯಂತೆ. ಅಲ್ಲಿ ಕೆಲವು ದಿನ ಯಾರು ಬೇಕಾದರೂ ತಮ್ಮ ಗಾಡಿ ತಂದು, ಹೆಲ್ಮೆಟ್ ಹಾಕಿಕೊಂಡು, ಮನಸ್ಸು ತುಂಬುವಷ್ಟು ಜೋರಾಗಿ ಓಡಿಸಬಹುದಂತೆ. ಅದಕ್ಕೆ ಟ್ರ್ಯಾಕ್ ಡೇ ಎನ್ನುತ್ತಾರೆ. ರೇಸಲ್ಲ, ಪೊಲೀಸರಿಲ್ಲ, ಎದುರಿಗೆ ಎಮ್ಮೆ ಬರುವುದಿಲ್ಲ. ಕೇಳುತ್ತಿದ್ದಂತೆ ನನ್ನ ಹೊಟ್ಟೆಯಲ್ಲಿ ಕೆಂಡ ಬಿತ್ತು. ನನ್ನ ಗಾಡಿ, ನನ್ನ ಕೈಯಲ್ಲೇ ಇದ್ದ ಗಾಡಿ. ಇಂಥದೊಂದು ನನಗೆ ಯಾಕೆ ಹೊಳೆಯಲಿಲ್ಲ?

"ತೊಗೊಂಡ್ ಹೋಗು" ಎಂದೆ. ಮಹಾದೇವಿ ಎದುರಿಗೇ ನಿಂತಿದ್ದಳು, ಬೇರೆ ಏನು ಹೇಳಲಿ?

ಅವನು ಮೊದಲು ಕಿತ್ತದ್ದು ಎಡಗಡೆಯ ಬ್ರೇಕು. ಕಿತ್ತು ನನ್ನ ಕೈಗೇ ಕೊಟ್ಟು, "ಇನ್ ಈ ಗಾಡ್ಯಾಗ ನಿಮಗ ಬ್ರೇಕ್ ಇಲ್ಲ, ಭಾವಾ" ಎಂದು ನಕ್ಕ. ಆಮೇಲೆ ಹಿಂದಿನ ಸೀಟು, ಬಾಗಿಲ ಒಳಹೊದಿಕೆ, ನೆಲದ ಮ್ಯಾಟು, ಹಾರ್ನಿನ ಪಕ್ಕದ ಪ್ಲಾಸ್ಟಿಕ್ಕು, ಒಂದೊಂದನ್ನೂ ಕಿತ್ತು, ಎತ್ತಿ ತೂಗಿ, ಕಾಲು ಚೀಲದ ಲೆಕ್ಕ ಹೇಳುತ್ತ ಅಂಗಳಕ್ಕೆ ಎಸೆದ. "ಪಾವ್ ಚೀಲ ಇಳೀತು. ಮತ್ತ ಪಾವ್ ಚೀಲ ಇಳೀತು." ಟ್ರಾಲಿಗೆ ಬಳಸುವ ಬೆಂಡಿಂಗ್ ಮಷೀನಿನಲ್ಲೇ ಪೈಪು ಬಗ್ಗಿಸಿ ಒಳಗೆ ಪಂಜರ ಕಟ್ಟಿದ, ಗಾಡಿ ಮಗುಚಿದರೂ ತಲೆ ಉಳಿಯಲಿ ಎಂದು. ಎರಡು ಗಟ್ಟಿ ಸೀಟು, ನಾಲ್ಕು ಪಟ್ಟಿಯ ಬೆಲ್ಟು. ನಾನು ರವಿವಾರ ರವಿವಾರ ಬಸ್ಸು ಹಿಡಿದು ಬಸವಕಲ್ಯಾಣಕ್ಕೆ ಹೋಗಿ ಅಲ್ಲೊಂದು ಡಬ್ಬಿಯ ಮೇಲೆ ಕೂತು ತಪ್ಪು ಹುಡುಕುತ್ತಿದ್ದೆ. ಸಿಗುತ್ತಿರಲಿಲ್ಲ. ಸಿಕ್ಕರೂ ಅವನು "ಹೌದ್ರಿ ಭಾವಾ, ಖರೇ ಅದ" ಎಂದು ತಕ್ಷಣ ಒಪ್ಪಿಕೊಂಡು ಸರಿಮಾಡುತ್ತಿದ್ದ. ಜಗಳಕ್ಕೂ ಆಸ್ಪದ ಕೊಡದ ಮನುಷ್ಯನ ಮೇಲೆ ಹೊಟ್ಟೆಕಿಚ್ಚು ಪಡುವುದು ಎಷ್ಟು ಕಷ್ಟವೆಂದು ಪಟ್ಟವನಿಗೇ ಗೊತ್ತು.

ಸ್ಪ್ರಿಂಗ್ ಕೂಡಿಸುವ ದಿನ ನನ್ನನ್ನು ಕರೆದ. "ಭಾವಾ, ಎಡಕ್ಕ ಕೂಡ್ರಿ." ತಾನು ಬಲಕ್ಕೆ ಕೂತ. ಅಂಗಡಿಯ ರಫೀಕ್ ಭಾಯಿ ಗೋಡೆ ಕಟ್ಟುವ ಗವಂಡಿಗಳ ನೀರಿನ ಲೆವೆಲ್ ಪೈಪು ಹಿಡಿದು ಗಾಡಿಯ ನಾಲ್ಕು ಮೂಲೆ ನೋಡಿದ. ನನ್ನ ಕಡೆ ತಗ್ಗಿತ್ತು. ನನ್ನ ಮೈಕಟ್ಟು ಹಾಗೇ ಇದೆ, ವೈಜನಾಥ ಜೋಳದ ದಂಟಿನಂಥವನು. ಅವನು ಇಳಿದು ಎಡಗಡೆಯ ಸ್ಪ್ರಿಂಗಿನ ಕೆಳಗೆ ಕಬ್ಬಿಣದ ಬಿಲ್ಲೆ ಕೊಟ್ಟು ಬಿಗಿ ಮಾಡಿದ, ಮತ್ತೆ ಕೂತ, ಮತ್ತೆ ಇಳಿದ. ಸಂಜೆಯ ಹೊತ್ತಿಗೆ ನಾವಿಬ್ಬರೂ ಕೂತರೆ ಗಾಡಿ ನೆಟ್ಟಗೆ ನಿಲ್ಲುವಂತಾಯಿತು. ಒಬ್ಬನೇ ಓಡಿಸುವ ಗಾಡಿಗೆ ಇಬ್ಬರು ಯಾಕೆ ಎಂದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ. ಹೊಳೆಯುವುದಾದರೂ ಹೇಗೆ? ನಮ್ಮ ಕಡೆ ಖಾಲಿ ಸೀಟು ಇಟ್ಟುಕೊಂಡು ಗಾಡಿ ಒಯ್ಯುವುದೆಂದರೆ ಉಣ್ಣುವಾಗ ಬಾಗಿಲು ಹಾಕಿಕೊಂಡ ಹಾಗೆ. ಕೀಲಿ ತಿರುಗಿಸುವ ಮೊದಲೇ ಕಿಟಕಿಯಲ್ಲಿ ಒಂದು ಮುಖ ಬಗ್ಗಿ, "ಯಾ ಕಡಿ ಹೊಂಟೀರಿ?" ಎನ್ನುತ್ತದೆ. ವೈಜನಾಥನಂತೂ ಕೈ ಎತ್ತದವರನ್ನೂ ಕರೆದು ಹತ್ತಿಸಿಕೊಳ್ಳುವ ಪೈಕಿ.

ಹುಮನಾಬಾದಿನ ಹೊರಗೆ ಡಾಂಬರು ಹಾಕಿ, ಕಲ್ಲು ನೆಟ್ಟು, ಒಂದು ಮನೆಯೂ ಏಳದ ಲೇಔಟ್ ಇದೆ. ನನ್ನ ಸ್ಕೂಲಿನವರು ಕಲಿಯುವುದು ಅಲ್ಲೇ. ಗಾಡಿಯನ್ನು ಅಲ್ಲಿಗೆ ತಂದು ರೂಢಿ ಮಾಡಿಕೊಂಡೆವು. ಎಡಕ್ಕೆ ನಾನು, ನಾನಿಲ್ಲದ ದಿನ ನನ್ನಷ್ಟೇ ದಪ್ಪಗಿನ ರಫೀಕ್ ಭಾಯಿ. ಒಮ್ಮೆ ಬಸ್ಸಿಗೆ ನಡೆದು ಹೊರಟಿದ್ದ ಘಾಟಬೋರಾಳದ ಮುದುಕಿಯೊಬ್ಬಳನ್ನು ವೈಜನಾಥ ಕೂಡಿಸಿಕೊಂಡು ನಾಲ್ಕು ಪಟ್ಟಿಯ ಬೆಲ್ಟು ಬಿಗಿದ. "ಯಪ್ಪಾ, ನನಗ್ಯಾಕ ಕಟ್ಟಾಕತ್ತಿ? ನಾ ಏನ್ ಓಡಿ ಹೋಗತೇನಾ?" ಎಂದಳು ಅವಳು. ನಿಧಾನಕ್ಕೆ ಎರಡು ಸುತ್ತು ಹಾಕಿ ಲೇಔಟಿನ ಮುಂದಿನ ಬಸ್ ನಿಲ್ದಾಣದಲ್ಲಿ ಇಳಿಸಿದಾಗ ಸೆರಗು ಸರಿಮಾಡಿಕೊಂಡು ಅವನ ದೃಷ್ಟಿ ತೆಗೆದು ಹೋದಳು. ನಾನು ಅಲ್ಲೇ ಕಂಬದ ಹಾಗೆ ನಿಂತಿದ್ದೆ. ಇಷ್ಟು ಜನಕ್ಕೆ ಕಲಿಸಿದ್ದೇನೆ, ನನ್ನ ದೃಷ್ಟಿ ಯಾರೂ ತೆಗೆದಿಲ್ಲ.

ಟ್ರ್ಯಾಕ್ ದಿನ ಗಾಡಿಯನ್ನು ಮಿನಿ ಲಾರಿಯ ಮೇಲೆ ಹೇರಿಕೊಂಡು ಹೊರಟೆವು. ಮನ್ನಾಏಖೇಳ್ಳಿಯಲ್ಲಿ ಚಹಾಕ್ಕೆ ನಿಂತಾಗ ವೈಜನಾಥ ನನ್ನ ಹೆಗಲ ಮೇಲೆ ಕೈ ಹಾಕಿದ. "ಭಾವಾ, ಮುಂಜಾನಿ ಪಾಳಿ ನಂದು, ಮಧ್ಯಾಹ್ನದ್ದು ನಿಮ್ದು. ಬಲಕ್ಕ ನೀವೇ ಕೂಡ್ರಿ. ಗಾಡಿ ನಿಮ್ದೇ ಅಲ್ಲೇನ್ರಿ?" ಈ ಮಾತನ್ನು ಅವನು ತಿಂಗಳಿಂದ ಹೇಳುತ್ತಿದ್ದ. ನಾನು ಅದನ್ನು ಮಹಾದೇವಿಗೆ ಹೇಳಿದ್ದೆ, ಮಹಾದೇವಿ ಓಣಿಗೆಲ್ಲ ಹೇಳಿದ್ದಳು. ತೆಳ್ಳನೆಯ ಅಟ್ಟೆಯ ಹೊಸ ಬೂಟು ಕೊಂಡಿದ್ದೆ, ಪೆಡಲ್ಲು ಕಾಲಿಗೆ ಚೆನ್ನಾಗಿ ತಿಳಿಯಲಿ ಎಂದು. ಜನ ನೋಡುವಾಗ, ಬಲಗಡೆಯ ಸೀಟಿನಲ್ಲಿ, ಒಂದೇ ಒಂದು ಪಾಳಿ. ನನಗೆ ಬೇಕಾಗಿದ್ದದ್ದು ಅಷ್ಟೇ.

ಮುಂಜಾನೆಯ ಪಾಳಿಗೆ ಪಕ್ಕದಲ್ಲಿ ಯಾರೂ ಕೂಡುವಂತಿಲ್ಲ ಎಂದರು ಅಲ್ಲಿಯವರು. ವೈಜನಾಥ ತಲೆ ಅಲ್ಲಾಡಿಸಿ ಒಬ್ಬನೇ ಹೊರಟ. ಮೊದಲ ಎಡ ತಿರುವಿನಲ್ಲೇ ಗಾಡಿಯ ಎಡಗಡೆಯ ಮುಂದಿನ ಗಾಲಿ ನೆಲ ಬಿಟ್ಟಿತು. ಗಾಲಿ ಗಾಳಿಯಲ್ಲಿ ಗಿರ್ರನೆ ಸುತ್ತಿತು, ಎಂಜಿನ್ ಕಿರುಚಿತು, ಕಾರು ತಿರುಗದೆ ನೆಟ್ಟಗೆ ಹುಲ್ಲಿಗೆ ನುಗ್ಗಿತು. ಮತ್ತೊಂದು ಸುತ್ತು, ಮತ್ತೆ ಹುಲ್ಲು. ಮಿರಿಮಿರಿ ಮಿಂಚುವ ಗಾಡಿ ತಂದಿದ್ದ ಹುಡುಗರು ಬೇಲಿಗೆ ಆತು ನಕ್ಕರು. ಸುಳ್ಳು ಯಾಕೆ ಹೇಳಲಿ, ನನಗೆ ಖುಷಿಯಾಯಿತು. ಹಬ್ಬದ ಹೋಳಿಗೆ ತಿಂದಷ್ಟು ಖುಷಿಯಾಯಿತು. ಮಧ್ಯಾಹ್ನ ನಾನು ಇದನ್ನೇ ಹೇಗೆ ತಿರುಗಿಸುತ್ತೇನೆ ನೋಡಿ ಎಂದುಕೊಂಡು ಬೂಟಿನ ಲೇಸು ಬಿಗಿದೆ.

ಅವನು ಬಂದು ಇಳಿದ. ಗಾಡಿಯ ಮೈಮೇಲೆಲ್ಲ ಹುಲ್ಲು, ಮಣ್ಣು. ಅವನ ಮುಖ ಮಾತ್ರ ಸಪ್ಪಗಾಗಿರಲಿಲ್ಲ. ಗಾಡಿಯ ಎಡಮೂಲೆ ಹಿಡಿದು ಎತ್ತಿದ. ಒಳಗೆ ಬಗ್ಗಿ ಖಾಲಿ ಸೀಟನ್ನು ನೋಡಿದ. ಆಮೇಲೆ ತಿರುಗಿ ನನ್ನನ್ನು ಅಡಿಯಿಂದ ಮುಡಿಯತನಕ ನೋಡಿದ.

"ಭಾವಾ, ಗಾಡ್ಯಾಗ ನೀವಿಲ್ಲ."

"ಅಂದ್ರ?"

"ನಿಮ್ಮನ್ ಕೂಡಿಸ್ಕೊಂಡೇ ಸ್ಪ್ರಿಂಗ್ ಕಟ್ಟೇವಲ್ರಿ! ಖಾಲಿ ಗಾಡಿ ನಾವ್ ಯಾವಾಗ ಹೊಡದೇವು?"

ಎಡಗಡೆಯ ಬಿಲ್ಲೆ ತೆಗೆಯೋಣವೆಂದರೆ ಸ್ಪ್ರಿಂಗ್ ಬಿಚ್ಚುವ ಸಾಮಾನು ಇರಲಿಲ್ಲ, ಎಲ್ಲ ಬಸವಕಲ್ಯಾಣದಲ್ಲೇ. ಮಧ್ಯಾಹ್ನದ ಪಾಳಿಗೆ ಹೆಲ್ಮೆಟ್ ಹಾಕಿಕೊಂಡರೆ ಪಕ್ಕದಲ್ಲಿ ಒಬ್ಬರು ಕೂಡಬಹುದು ಎಂದು ಅಲ್ಲಿಯವರು ಹೇಳಿದರು. ವೈಜನಾಥ ನನ್ನನ್ನು ನೆರಳಿಗೆ ಕರೆದೊಯ್ದ. "ಪಾಳಿ ನಿಮ್ದೇ ಅದ, ನಾ ಮಾತ್ ತಪ್ಪಂಗಿಲ್ಲ. ನೀವ್ ಹೊಡೀರಿ, ಎಡಕ್ಕ ನಾ ಕೂಡತೇನಿ. ಆದ್ರ ನಾ ಹಗುರ. ಗಾಡಿ ಮತ್ತ ಹಂಗೇ ಮಾಡತದ. ನೀವ್ ಎಡಕ್ಕ ಕೂತ್ರ ಬರೋಬ್ಬರಿ ಆಗತದ. ನೀವೇ ಹೇಳ್ರಿ, ಭಾವಾ."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಹಾಗಾಯಿತು. ಅವನು ಮೋಸ ಮಾಡಿದ್ದರೆ ಬೈಯಬಹುದಿತ್ತು. ನನ್ನ ಪಾಳಿ ನನ್ನ ಎದುರಿಗೇ ಇಟ್ಟು ನಿಂತಿದ್ದ. ನಾನು ಬೇಲಿಯ ಕಡೆ ನೋಡಿದೆ. ನಗುವವರು ಇನ್ನೂ ಅಲ್ಲೇ ಇದ್ದರು. ಡ್ರೈವಿಂಗ್ ಸ್ಕೂಲಿನ ಮಾಸ್ತರ ಹುಲ್ಲಿಗೆ ನುಗ್ಗುವುದನ್ನು ನೋಡಲು ಅವರಿಗೆ ಬಿಡುವಿತ್ತು. "ನೀನೇ ಹೊಡಿ" ಎಂದೆ. ಪ್ರೀತಿಯಿಂದ ಅಂದೆ ಎಂದು ಅವನು ಇಂದಿಗೂ ತಿಳಿದಿದ್ದಾನೆ. ಪ್ರೀತಿಯೂ ಇಲ್ಲ, ಗೀತಿಯೂ ಇಲ್ಲ. ಮರ್ಯಾದೆಗೆ ಹೆದರಿ ಅಂದೆ.

ಎಡಕ್ಕೆ ಕೂತೆ. ಹೊಸ ಬೂಟಿನ ಅಡಿಯಲ್ಲಿ ಬ್ರೇಕು ಇರಬೇಕಾದ ಜಾಗದಲ್ಲಿ ಬರೀ ತಗಡು. ಗಾಡಿ ಹೊರಟಿತು. ಅದೇ ಎಡ ತಿರುವು ಬಂತು. ಅವನು ಬ್ರೇಕು ತುಳಿಯುವ ಮುನ್ನವೇ ನಾನು ತಗಡು ತುಳಿದೆ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಕಾರು ತಿರುಗಿತು. ಏನು ತಿರುಗಿತು ಅಂತೀರಿ! ಮೈಯೆಲ್ಲ ಬೆಲ್ಟಿಗೆ ಒತ್ತಿತು, ನಾಲ್ಕೂ ಗಾಲಿ ನೆಲ ಕಚ್ಚಿ ಹಿಡಿದಿದ್ದವು. ಎರಡನೇ ಸುತ್ತಿನಲ್ಲಿ ನಾನು, ಇಷ್ಟು ವರ್ಷ "ನಿಧಾನ್ರಿ, ನಿಧಾನ್ರಿ" ಎಂದೇ ಗಂಟಲು ಹರಿದುಕೊಂಡ ನಾನು, "ಹೊಡಿ ಮಗನ, ಹೊಡಿ!" ಎಂದು ಒದರುತ್ತಿದ್ದೆ. ಮಿಂಚುವ ಗಾಡಿಗಳು ಒಂದೊಂದಾಗಿ ದಾರಿ ಬಿಟ್ಟವು.

ಇಳಿದಾಗ ಎಲ್ಲರೂ ಅವನನ್ನು ಮುತ್ತಿಕೊಂಡರು. ನನ್ನ ಬೆಲ್ಟು ಬಿಚ್ಚುವವರೂ ಇರಲಿಲ್ಲ. ಅವರಲ್ಲೊಬ್ಬರು ಕೊಯಮತ್ತೂರಿನಲ್ಲಿ ಇಂಥ ಗಾಡಿಗಳನ್ನೇ ಕಟ್ಟುವ ಶೆಡ್ಡಿನ ಮಾಲೀಕರು. ಮುಂಜಾನೆ ಹಾಗೆ, ಈಗ ಹೀಗೆ, ಏನು ಬದಲಾಯಿಸಿದೆ ಎಂದು ಕೇಳಿದರು. ವೈಜನಾಥ ನನ್ನ ಕಡೆ ಕೈ ತೋರಿಸಿ, "ಜೀಜಾ ಬೈಠೇ ತೋಇಚ್ ಗಾಡಿ ಮುಡ್ತೀ ಸಾಬ್" ಎಂದ. ಭಾವ ಕೂತರೆ ಮಾತ್ರ ಗಾಡಿ ತಿರುಗುತ್ತದೆ ಸಾಹೇಬರೇ! ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಮುಂಜಾನೆ ನಕ್ಕ ನಗುವಲ್ಲ ಇದು, ಇದರಲ್ಲಿ ಅವನ ಮೇಲಿನ ಅಕ್ಕರೆಯಿತ್ತು. ತನ್ನ ತಪ್ಪನ್ನು ಹೇಳಿಕೊಂಡೇ ಜನರನ್ನು ಗೆದ್ದುಬಿಟ್ಟ. ನಾನು ಸರಿಯಾಗಿದ್ದಾಗಲೂ ಯಾರನ್ನೂ ಗೆದ್ದವನಲ್ಲ. ಆ ದಿನದ ಫೋಟೊ ನಮ್ಮ ಮನೆಯ ಗೋಡೆಯ ಮೇಲಿದೆ. ಸ್ಟೇರಿಂಗ್ ಹಿಡಿದು ಹಲ್ಲು ಕಿರಿದ ವೈಜನಾಥ, ಅಂಚಿನಲ್ಲಿ ಒಂದು ಮೊಣಕೈ. ಆ ಮೊಣಕೈ ನನ್ನದು.

ಕೊಯಮತ್ತೂರಿನವರು ಸುಮ್ಮನೆ ನಕ್ಕು ಹೋಗಲಿಲ್ಲ, ಶೆಡ್ಡಿಗೆ ಬಾ ಎಂದು ಕರೆದರು. ಅಂಗಡಿಯನ್ನು ರಫೀಕ್ ಭಾಯಿಗೆ ಒಪ್ಪಿಸಿ ವೈಜನಾಥ ಹೊರಟ. ಹುಮನಾಬಾದಿನ ಬಸ್ ನಿಲ್ದಾಣಕ್ಕೆ ನಾನೂ ಮಹಾದೇವಿಯೂ ಹೋಗಿದ್ದೆವು. ಅವಳು ಕಟ್ಟಿಕೊಟ್ಟ ಜೋಳದ ರೊಟ್ಟಿ, ಶೇಂಗಾ ಹಿಂಡಿಯ ಚೀಲವನ್ನು ಮೂಲೆ ಹಿಡಿದು ಎತ್ತಿ, "ಅಕ್ಕಾ, ಅರ್ಧಾ ಚೀಲ ಹೆಚ್ಚದ" ಎಂದ. ಅವಳು ನಗುತ್ತಲೇ ಅತ್ತಳು. ಅವನು ನನ್ನ ಕಾಲು ಮುಟ್ಟಿ, ಕಾರಿನ ಕೀಲಿಯನ್ನು ನನ್ನ ಕೈಗಿಟ್ಟ. "ನಿಮ್ ಪಾಳಿ ಬಾಕಿ ಅದ, ಭಾವಾ. ಇನ್ ಬಲಕ್ಕ ನೀವೇ." ಬಸ್ಸು ಮರೆಯಾದ ಮೇಲೂ ಕೀಲಿ ಹಿಡಿದು ಅಲ್ಲೇ ನಿಂತಿದ್ದೆ. ಅದೂ ಹೊಟ್ಟೆಕಿಚ್ಚೇ ಎಂದು ಆಗ ಅಂದುಕೊಂಡೆ.

ಮರು ರವಿವಾರ ಗಾಡಿಯನ್ನು ಲೇಔಟಿಗೆ ಒಯ್ದೆ. ಬಲಕ್ಕೆ ಕೂತೆ. ಎಡ ತಿರುವಿನಲ್ಲಿ ಗಾಲಿ ಎದ್ದಿತು, ಗಾಡಿ ಕಲ್ಲುಗಳ ಕಡೆ ನುಗ್ಗಿತು. ಸ್ಪ್ರಿಂಗಿನ ಬಿಲ್ಲೆ ತೆಗೆಸಿದರೆ ಒಂದು ತಾಸಿನ ಕೆಲಸ, ರಫೀಕ್ ಭಾಯಿ ಮಾಡಿಕೊಡುತ್ತಾನೆ. ಆದರೆ ಅದನ್ನು ಮುಟ್ಟಲು ಮನಸ್ಸು ಬರಲಿಲ್ಲ. ಬೇಳೆ ಮಿಲ್ಲಿಗೆ ಹೋಗಿ ಚೀಲ ತೂಗುವ ಕಾಂಟಾದ ಮೇಲೆ ನಾನೇ ನಿಂತೆ. ನನ್ನ ತೂಕಕ್ಕೆ ಸರಿಯಾಗಿ ತೊಗರಿ ತುಂಬಿಸಿ, ಆ ಚೀಲವನ್ನು ಎಡಗಡೆಯ ಸೀಟಿನಲ್ಲಿ ಕೂಡಿಸಿ, ನಾಲ್ಕೂ ಪಟ್ಟಿ ಬಿಗಿದೆ. ಗಾಡಿ ತಿರುಗಿತು. ಅಂದಿನ ಹಾಗೆಯೇ ತಿರುಗಿತು. ಸುತ್ತಿನ ಮೇಲೆ ಸುತ್ತು ಹಾಕಿದೆ, ಮೇಯುತ್ತಿದ್ದ ಆಡುಗಳೂ ತಲೆ ಎತ್ತಲಿಲ್ಲ.

ಸಂಜೆ ಅವನ ಫೋನು ಬಂತು.

"ಭಾವಾ, ಪಾಳಿ ಆಯ್ತೇನ್ರಿ?"

"ಆಯ್ತು."

"ಎಡಕ್ಕ ಯಾರನ್ ಕೂಡಿಸಿದ್ರಿ?"

"ತೊಗರಿ ಚೀಲ."

ಅವನು ಬಹಳ ಹೊತ್ತು ನಕ್ಕ. ನಕ್ಕು ಮುಗಿದ ಮೇಲೆ, "ಅದು ನಿಮ್ಮಂಗ ಒದರತದೇನ್ರಿ?" ಎಂದ.

"ಸಾಕು, ಇಡು ಫೋನ" ಎಂದು ನಾನೇ ಇಟ್ಟೆ. ಆ ದಿನ ನಾನು ಅವನಿಗಿಂತ ಚೆನ್ನಾಗಿಯೇ ಓಡಿಸಿದ್ದೆ. ಅದನ್ನು ನೋಡಿ ಹೊಟ್ಟೆ ಉರಿದುಕೊಳ್ಳಲು ಎಡಗಡೆ ಯಾರೂ ಇರಲಿಲ್ಲ.