ರುದ್ರಮ್ಮ ಸಿಸ್ಟರ್ ಮತ್ತು ಚಮಚ

ಬಿಳಿಚೋಡಿನ ಆಸ್ಪತ್ರೆಗೆ ರುದ್ರಮ್ಮ ಸಿಸ್ಟರ್ ಬಂದು ಇಪ್ಪತ್ತೆರಡು ವರ್ಷವಾಯಿತು. ಅವರ ಬೈಗುಳ ತಿನ್ನದವರು ಊರಲ್ಲಿಲ್ಲ. ಆದರೂ ಮೈ ಕೆಟ್ಟರೆ ಎಲ್ಲರಿಗೂ ಅವರೇ ಬೇಕು.

ಮೊನ್ನೆ ಮಂಡಕ್ಕಿ ಹೋಟೆಲಿನಲ್ಲಿ ಕುರಿ ವ್ಯಾಪಾರಿಯೊಬ್ಬ ಫಿಟ್ಸ್ ಬಂದು ಬಿದ್ದ. ಯಾರೋ ಅವನ ಕೈಗೆ ಕಬ್ಬಿಣದ ಬೀಗದ ಕೈ ತುರುಕಿದರು. ಹೋಟೆಲಿನ ಮಹೇಶ್ವರಪ್ಪ ಅವನ ಹಲ್ಲಿನ ನಡುವೆ ಇಡಲು ಚಮಚ ಹಿಡಿದು ಓಡಿಬಂದರು. ಅಲ್ಲೇ ಚಹಾ ಕುಡಿಯುತ್ತಿದ್ದ ಸಿಸ್ಟರ್ ಎದ್ದು ಅಡ್ಡ ನಿಂತರು.

“ಚಮಚ ಬಿಸಾಕ್ರಿ! ಗಡಿಯಾರ ನೋಡಿ ಎಷ್ಟು ನಿಮಿಷ ಆತು ಹೇಳ್ರಿ. ಐದು ದಾಟಿದ್ರೆ ಆಂಬುಲೆನ್ಸ್ ಕರೀಬೇಕು.”

ಬೆಂಚು ದೂರ ಸರಿಸಿದರು. ಅವನ ತಲೆಯಡಿ ತಮ್ಮ ಬ್ಯಾಗಿಟ್ಟು, ಕೊರಳ ಗುಂಡಿ ಬಿಚ್ಚಿ, ಮಗ್ಗುಲಿಗೆ ಹೊರಳಿಸಿದರು. ಅದುರುತ್ತಿದ್ದ ಕೈಕಾಲು ಒತ್ತಿ ಹಿಡಿಯಲು ಯಾರನ್ನೂ ಬಿಡಲಿಲ್ಲ. ಮೂರನೇ ನಿಮಿಷಕ್ಕೆ ನಡುಕ ನಿಂತಿತು. ಅವನು ಕಣ್ಣು ಬಿಟ್ಟಾಗ ಸಿಸ್ಟರ್ ದನಿಯೇ ಬೇರೆಯಾಗಿತ್ತು: “ಹೆದರಬ್ಯಾಡಪ್ಪ, ನಾನು ಇಲ್ಲೇ ಇದೀನಿ.”

ಮಹೇಶ್ವರಪ್ಪ ಗೊಣಗಿದರು: “ಒಳ್ಳೇದು ಮಾಡಾಕೆ ಬಂದ್ರೂ ಬೈತೀರಲ್ರೀ ಸಿಸ್ಟರ್.”

ಸಿಸ್ಟರ್ ತುಟಿ ಸರಿಸಿ ಮುರಿದ ಮುಂದಿನ ಹಲ್ಲು ತೋರಿಸಿದರು.

“ಹತ್ತನೇ ಕ್ಲಾಸಿನಾಗೆ ನಂಗೂ ಫಿಟ್ಸ್ ಬಂದಿತ್ತು. ಇದನ್ನ ಮುರಿದದ್ದು ನಮ್ಮಪ್ಪನ ಚಮಚ. ಅವನೂ ಒಳ್ಳೇದು ಮಾಡಾಕೇ ಬಂದಿದ್ದ.”